ಹಳೇ ಫೋಟೋದ ಮೂಲೆ ನೋಡಿ: ಮುಳುಗಿದ ಅಂಗಳ, ಒಂದು ಕೊಳಗ, ಗಾಂಧೀಜಿ ನೋಡದ ಜೋಗ

[ದೃಶ್ಯ: ಕಪ್ಪು ಪರದೆ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು. ನಿಧಾನವಾಗಿ ಒಂದು ಕಪ್ಪು-ಬಿಳುಪು ಫೋಟೋ.]

ನಮಸ್ಕಾರ. ಈ ಫೋಟೋ ನಮ್ಮ ಅಜ್ಜಿಯ ತವರುಮನೆಯದ್ದು. ಶರಾವತಿ ಕಣಿವೆಯ ಒಂದು ಹಳ್ಳಿ. 1950ರ ಆಸುಪಾಸಿನಲ್ಲಿ ತೆಗೆದದ್ದು. ಸಾಗರ ಪೇಟೆಯಿಂದ ಫೋಟೋದವರು ಬಂದಿದ್ದರಂತೆ. ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ, ಎಲ್ಲ ಗಾಡಿ ಮೇಲೆ.

ನಡುವೆ ಕುರ್ಚಿಯಲ್ಲಿ ಕೂತಿರುವವರು ಮುತ್ತಜ್ಜ. ಮೇಲೆ ಕೋಟು, ಕೆಳಗೆ ಪಂಚೆ, ಕಾಲಿಗೆ ಏನೂ ಇಲ್ಲ. ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಟೈಂಪೀಸು. ಗಡಿಯಾರ ಮನೆಗೆ ಹೊಸದಾಗಿ ಬಂದಿತ್ತಂತೆ. ಹಾಗಾಗಿ ಅದೂ ಮನೆ ಮಂದಿ ಜೊತೆ ಕ್ಯಾಮೆರಾಕ್ಕೆ ಮುಖ ಮಾಡಿ ಕೂತಿದೆ. ಹನ್ನೊಂದೂಕಾಲು ತೋರಿಸುತ್ತಿದೆ. ಸಾಲಿನ ತುದಿಯಲ್ಲಿ ಎರಡು ಜಡೆ ಹಾಕಿಕೊಂಡು ನಿಂತಿರುವ ಹುಡುಗಿಯೇ ನಮ್ಮ ಅಜ್ಜಿ. ಯಾರೂ ನಕ್ಕಿಲ್ಲ.

[ದೃಶ್ಯ: ಫೋಟೋದ ಎಡ ಮೂಲೆಗೆ ಝೂಮ್.]

ನಾನು ತೋರಿಸಬೇಕು ಅಂದುಕೊಂಡದ್ದು ಈ ಮೂಲೆ. ಮಾಡಿನ ಕೆಳಗೆ ಒಬ್ಬ ಮನುಷ್ಯ. ಕಂಬಳಿ ಕೊಪ್ಪೆ ಹಾಕಿಕೊಂಡಿದ್ದಾನೆ. ಅರ್ಧ ದೇಹ ಫ್ರೇಮಿನ ಹೊರಗೆ. ಅವನನ್ನು ಫೋಟೋಕ್ಕೆ ಅಂತ ಯಾರೂ ನಿಲ್ಲಿಸಿರಲಿಕ್ಕಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಒಂದು ಕೊಳಗ. ಕಾಲ ಬುಡದಲ್ಲಿ ಬಿಳೀ ಮಚ್ಚೆ. ಬೂಷ್ಟು ಹಿಡಿದಿದೆ ಅಂದುಕೊಂಡು ಸ್ಕ್ಯಾನ್ ಮಾಡುವಾಗ ಅಳಿಸಿಬಿಡೋಣ ಅಂತಿದ್ದೆ. ಪುಣ್ಯಕ್ಕೆ ಅಳಿಸಲಿಲ್ಲ.

ಮೊದಲು ಕೊಳಗಕ್ಕೆ ಬರೋಣ.

[ದೃಶ್ಯ: ಕೊಳಗದ ಹತ್ತಿರದ ಚಿತ್ರ. ಭತ್ತ ಸುರಿಯುವ ಸದ್ದು.]

ಈಗಿನ ಮಕ್ಕಳಿಗೆ ಇದು ಹೋಂಸ್ಟೇಯಲ್ಲಿ ಹೂವಿಡುವ ಪಾತ್ರೆ. ಆಗ ಇದು ಭತ್ತ ಅಳೆಯುವ ಅಳತೆ. ಗದ್ದೆ ಒಡೆಯರದ್ದು, ಉಳುಮೆ ಗೇಣಿದಾರರದ್ದು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಅಳೆದು ಕೊಡಬೇಕು. ಅಳೆಯುವ ಕೊಳಗ ಯಾರದ್ದು? ಒಡೆಯರದ್ದೇ. ಕೊಳಗ ಸ್ವಲ್ಪ ದೊಡ್ಡದಿದ್ದರೆ, ಪ್ರತಿ ಸಲ ಅಳೆದಾಗಲೂ ಒಂದಷ್ಟು ಭತ್ತ ಸುಮ್ನೆ ಆ ಕಡೆ ಹೋಯಿತು. ಕೊಟ್ಟದ್ದಕ್ಕೆ ರಸೀದಿ ಕೂಡ ಇಲ್ಲ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ಇದನ್ನೇ ಕೇಳಿದರು. ಅಳತೆ ಸರಿ ಮಾಡಿ, ರಸೀದಿ ಕೊಡಿ ಅಂತ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ಮಾತುಕತೆ ಮುರಿದುಬಿತ್ತು. 1951ರ ಏಪ್ರಿಲ್ 18ಕ್ಕೆ ಸತ್ಯಾಗ್ರಹ ಶುರುವಾಯಿತು. ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರ ಬಂಧನವೂ ಆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ಆಗಿತ್ತು ಅಷ್ಟೆ. ಗೇಣಿ ಪದ್ಧತಿಗೆ ಕೊನೆ ಹಾಡಿದ ಕಾನೂನು ಬರಲಿಕ್ಕೆ 1974ರವರೆಗೆ, ದೇವರಾಜ ಅರಸರ ಕಾಲದವರೆಗೆ ಕಾಯಬೇಕಾಯಿತು.

ಈ ಫೋಟೋ ನೋಡುತ್ತಾ ಅಜ್ಜಿಯ ಹತ್ತಿರ ಕೇಳಿದೆ. "ನಿಮ್ಮ ಮನೆ ಕೊಳಗ ಎಷ್ಟು ಸೇರಿನದ್ದಾಗಿತ್ತು?"

ಅಜ್ಜಿ ನಕ್ಕರು. "ಒಲೆ ಮೇಲೆ ಹಾಲು ಇಟ್ಟಿದ್ದೆ ಮಾರಾಯ" ಅಂತ ಎದ್ದು ಹೋದರು.

[ದೃಶ್ಯ: ಬಳ್ಳಿಗಾವೆಯ ದೇವಸ್ಥಾನ, ಶಿಲಾಶಾಸನಗಳು.]

ಅದಿರಲಿ. ಹಳೇ ಫೋಟೋದಲ್ಲಿ ಯಾರೂ ನಗುವುದಿಲ್ಲ, ಎಲ್ಲರೂ ಮರಗಟ್ಟಿದ ಹಾಗೆ ನಿಂತಿರುತ್ತಾರೆ ಅಲ್ವಾ? ಅದಕ್ಕೆ ಒಂದು ಕಾರಣ ಇದೆ. ಮರದ ಕ್ಯಾಮೆರಾದವರು ಲೆನ್ಸಿನ ಮುಚ್ಚಳ ಕೈಯಲ್ಲಿ ತೆಗೆದು, ಮನಸ್ಸಲ್ಲೇ ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಅಲುಗಾಡಿದ್ದೆಲ್ಲ ಕಲಸಿಹೋಗುತ್ತದೆ. ಈ ಫೋಟೋಕ್ಕಿಂತ ಎಂಬತ್ತು-ತೊಂಬತ್ತು ವರ್ಷ ಹಿಂದಕ್ಕೆ ಹೋದರೆ ಇನ್ನೂ ಕಷ್ಟ. ಗಾಜಿನ ಪ್ಲೇಟಿಗೆ ಔಷಧಿ ಬಳಿಯಬೇಕು, ಅದು ಒಣಗುವ ಮೊದಲೇ ಫೋಟೋ ತೆಗೆಯಬೇಕು, ಒಣಗುವ ಮೊದಲೇ ತೊಳೆಯಬೇಕು. ಅಂದರೆ ಕತ್ತಲೆ ಕೋಣೆಯನ್ನೂ ಡೇರೆ ಥರ ಜೊತೆಗೇ ಹೊತ್ತು ತಿರುಗಬೇಕು.

ಅಂಥ ಕಾಲದಲ್ಲಿ ಅಲುಗಾಡದೆ ಕೂರುವವರು ಯಾರು? ಕಲ್ಲುಗಳು!

1865ರಲ್ಲಿ ಮೇಜರ್ ಡಿಕ್ಸನ್ ಅಂತ ಒಬ್ಬ ಸೇನಾಧಿಕಾರಿ ಮೈಸೂರು ಸರ್ಕಾರಕ್ಕಾಗಿ ಶಾಸನಗಳ ಫೋಟೋ ತೆಗೆದರು. ಚಿತ್ರದುರ್ಗ, ದಾವಣಗೆರೆ, ಹರಿಹರ, ಮತ್ತೆ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಒಟ್ಟು ಸುಮಾರು 150 ಶಾಸನ. ಮುಂದೆ ಶಾಸನತಜ್ಞ ಬಿ. ಎಲ್. ರೈಸ್ ಆ ಫೋಟೋಗಳನ್ನು ಇಟ್ಟುಕೊಂಡು ಓದಿ, ಅನುವಾದ ಮಾಡಿ, 1879ರಲ್ಲಿ ಪುಸ್ತಕ ಮಾಡಿದರು. ಶಾಸನ ಓದಲಿಕ್ಕೆ ಪ್ರತಿ ಸಲ ಕಲ್ಲಿನ ಮುಂದೆಯೇ ಹೋಗಿ ಕೂರಬೇಕಾಗಿಲ್ಲ ಅನ್ನುವುದು ಆ ಕಾಲಕ್ಕೆ ಎಷ್ಟು ದೊಡ್ಡ ವಿಷಯ ಯೋಚಿಸಿ. ಬಳ್ಳಿಗಾವೆಗೆ ಹೋದರೆ ಗಂಡಭೇರುಂಡ ಕಂಬವನ್ನೂ ನೋಡಿ ಬನ್ನಿ. 1047ರದ್ದು. ಎರಡು ತಲೆಯ ಹಕ್ಕಿ ಅಂತ ನಾವು ಲಾಂಛನದಲ್ಲಿ ನೋಡುತ್ತೇವಲ್ಲ, ಇಲ್ಲಿ ಅದಕ್ಕೆ ಮನುಷ್ಯನ ಮೈ ಇದೆ.

[ದೃಶ್ಯ: ಹಳೇ ಪೋಸ್ಟ್‌ಕಾರ್ಡುಗಳು. ಜೋಗ ಜಲಪಾತ.]

ಈಗ ಅಲುಗಾಡುವ ವಸ್ತುವಿಗೆ ಬರೋಣ. ಜೋಗ. 253 ಮೀಟರ್, ಅಂದರೆ 830 ಅಡಿ.

ಹಳೇ ಜೋಗದ ಫೋಟೋಗಳಲ್ಲಿ ನೀರು ನೀರಿನ ಹಾಗೆ ಕಾಣುವುದಿಲ್ಲ. ಬಿಳೀ ಪಂಚೆ ಒಣಗಲಿಕ್ಕೆ ಹಾಕಿದ ಹಾಗೆ ಕಾಣುತ್ತದೆ. ಕಾರಣ ಮೇಲೆ ಹೇಳಿದ್ದೇ. ಮುಚ್ಚಳ ತೆಗೆದಿದ್ದಷ್ಟು ಹೊತ್ತೂ ನೀರು ಬೀಳುತ್ತಲೇ ಇತ್ತು. ಹನಿಯೆಲ್ಲ ಸೇರಿ ಒಂದು ಬಟ್ಟೆಯಾಯಿತು.

ಇನ್ನು ಕೆಳಗೆ ಬರೆದಿರುವ ಹೆಸರು ನೋಡಿ. 'ಗೇರುಸೊಪ್ಪೆ ಫಾಲ್ಸ್' ಅಂತ ಇದೆ. ಗೇರುಸೊಪ್ಪೆ ಎಲ್ಲಿ, ಜೋಗ ಎಲ್ಲಿ! ಗೇರುಸೊಪ್ಪೆ ಘಟ್ಟದ ಕೆಳಗೆ, ಹೊನ್ನಾವರ ತಾಲ್ಲೂಕು. ಬ್ರಿಟಿಷರು ಆ ಹೆಸರನ್ನೇ ಇಟ್ಟುಕೊಂಡರು. ನಾವು ರಾಣಿ ಅನ್ನುವ ಕವಲಿಗೆ ಅವರು 'ಡೇಮ್ ಬ್ಲಾಂಶ್' ಅಂತಿದ್ದರು, ಬಿಳೀ ಹೆಂಗಸು ಅಂತ ಅರ್ಥ. ಹೊಳೆಯ ಒಂದು ಕಡೆ ಮೈಸೂರು ಸಂಸ್ಥಾನ, ಇನ್ನೊಂದು ಕಡೆ ಬಾಂಬೆ ಪ್ರೆಸಿಡೆನ್ಸಿ. ಬಂಗಲೆಯೂ ಎರಡು, ಮೈಸೂರು ಬಂಗಲೆ, ಬಾಂಬೆ ಬಂಗಲೆ. ಹಾಗಾಗಿ ಹಳೇ ಚಿತ್ರ ಸಿಕ್ಕರೆ ಮೊದಲು ಯಾವ ದಡದಿಂದ ತೆಗೆದದ್ದು ಅಂತ ನೋಡಿ. ನೋಟ ಬೇರೆ ಥರ ಕಂಡರೆ ಗಾಬರಿ ಬೀಳಬೇಡಿ, ಬೇರೆ ರಾಜ್ಯದಿಂದ ತೆಗೆದಿರುತ್ತಾರೆ.

ಫೋಟೋ ಸುಳ್ಳು ಹೇಳದಿದ್ದರೂ ಅದರ ಮೇಲಿನ ಬರಹ ಹೇಳಬಹುದು. ಅರಸಾಳು ಸ್ಟೇಷನ್ ಕಥೆಯೂ ಇದೇ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಆ ಸ್ಟೇಷನ್ನು, ಕಥೆಯಲ್ಲಿ ಮಾತ್ರ ಇರುವ ಊರು 'ಮಾಲ್ಗುಡಿ' ಆಯಿತು. ಇನ್ನು ನೂರು ವರ್ಷ ಬಿಟ್ಟು ಆ ಬೋರ್ಡಿನ ಫೋಟೋ ಯಾರಿಗಾದರೂ ಸಿಕ್ಕರೆ ನಕ್ಷೆಯಲ್ಲಿ ಮಾಲ್ಗುಡಿ ಹುಡುಕುತ್ತಾ ಕೂರುತ್ತಾರೆ. ಈಗಂತೂ ಹಳೇ ಸ್ಟೇಷನ್ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಗೊಂದಲ ಪೂರ್ತಿ ಗ್ಯಾರಂಟಿ.

[ದೃಶ್ಯ: ಖಾಲಿ ಫ್ರೇಮು. ಹಿನ್ನೆಲೆಯಲ್ಲಿ ಜಲಪಾತದ ಸದ್ದು.]

ಜೋಗದ ಒಂದು ಫೋಟೋ ಮಾತ್ರ ನಿಮಗೆ ಎಲ್ಲೂ ಸಿಗುವುದಿಲ್ಲ. ಜೋಗದ ಮುಂದೆ ನಿಂತ ಗಾಂಧೀಜಿ.

1927ರಲ್ಲಿ ಅವರು ಶಿವಮೊಗ್ಗ ಸೀಮೆಗೆ ಬಂದಿದ್ದರು. ಸಾಗರದವರೆಗೂ ಬಂದರು. ಅಲ್ಲಿಂದ ಜೋಗ ಎಷ್ಟು ದೂರ ಹೇಳಿ? ಜೊತೆಗಿದ್ದ ಕಾಕಾ ಕಾಲೇಲ್ಕರ್‌ಗೆ ನೋಡುವ ಹುಚ್ಚು ಆಸೆ. ನೀವೂ ಬನ್ನಿ, ಅಷ್ಟು ಎತ್ತರದಿಂದ ನೀರು ಬೀಳುತ್ತದೆ ಅಂತ ಕರೆದರಂತೆ. ಮಳೆ ಆಕಾಶದಿಂದ ಬೀಳುತ್ತಲ್ಲ, ಅದು ಎಷ್ಟು ಎತ್ತರದಿಂದ ಅಂತ ಗಾಂಧೀಜಿ ತಿರುಗಿ ಕೇಳಿದರಂತೆ. ಕಾಲೇಲ್ಕರ್ ಹೋಗಿ ನೋಡಿ ಬಂದರು. ಗಾಂಧೀಜಿ ಹೋಗಲೇ ಇಲ್ಲ. ನಂಗಂತೂ ಇದು ಸ್ವಲ್ಪ ಬೇಜಾರಿನ ವಿಷಯ. ಅಷ್ಟು ಹತ್ತಿರ ಬಂದು!

ಆದರೆ ತಮಾಷೆ ಮುಂದಿದೆ. ಜೋಗದ ವಿದ್ಯುತ್ ಯೋಜನೆ ಶುರುವಾದಾಗ ಅದಕ್ಕೆ ಕೃಷ್ಣರಾಜೇಂದ್ರ ಒಡೆಯರ ಹೆಸರಿತ್ತು. 1948ರಲ್ಲಿ ವಿದ್ಯುತ್ ಬಂತು. ಆಮೇಲೆ ಹೆಸರು ಬದಲಾಯಿಸಿದರು. ಯಾರ ಹೆಸರು ಇಟ್ಟರು? ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ. ನೋಡದೇ ಹೋದವರ ಹೆಸರು ಜಲಪಾತದ ಬುಡದಲ್ಲೇ ಕೂತಿತು.

[ದೃಶ್ಯ: ಹಿನ್ನೀರು. ನೀರಿನಿಂದ ಅರ್ಧ ಎದ್ದ ಕಲ್ಲಿನ ಕಟ್ಟು.]

ಆ ಕೇಂದ್ರಕ್ಕೆ ನೀರು ಬೇಕಲ್ಲ, ಅದಕ್ಕೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಮಡೆನೂರು ಡ್ಯಾಂ ಅಂತಲೂ ಕರೆಯುತ್ತಾರೆ. ಅದರಲ್ಲಿ ನೀರು ತಾನಾಗಿಯೇ ಎಳೆದು ಹೊರಗೆ ಬಿಡುವ ದೊಡ್ಡ ದೊಡ್ಡ ಸೈಫನ್‌ಗಳಿದ್ದವು. ನೋಡಲಿಕ್ಕೆ ದೈತ್ಯರ ಆಲಿಕೆ ಸಾಲಾಗಿ ನಿಲ್ಲಿಸಿದ ಹಾಗೆ. ಆದರೆ ಇಪ್ಪತ್ತು ವರ್ಷ ತುಂಬುವುದರೊಳಗೆ ಆ ಡ್ಯಾಮಿಗಿಂತ ದೊಡ್ಡ ಡ್ಯಾಂ ಬಂತು. 1964, ಲಿಂಗನಮಕ್ಕಿ. ಪೂರ್ತಿ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, 151 ಟಿಎಂಸಿ ನೀರು. ಹಿರೇಭಾಸ್ಕರ ಅದರ ಹೊಟ್ಟೆಯೊಳಗೆ ಹೋಯಿತು. ಒಂದು ಡ್ಯಾಂ ಇನ್ನೊಂದು ಡ್ಯಾಮನ್ನು ನುಂಗಿತು.

ಮಳೆ ಕೈಕೊಟ್ಟ ವರ್ಷ, ಬೇಸಿಗೆ ಕೊನೆಗೆ ಹಿನ್ನೀರು ಇಳಿದರೆ ಹಿರೇಭಾಸ್ಕರ ಮೇಲೆ ಬರುತ್ತದೆ. ಜನ ನೋಡಲಿಕ್ಕೆ ಹೋಗುತ್ತಾರೆ, ರೀಲ್ಸ್ ಮಾಡುತ್ತಾರೆ. ಗೋಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಅದೇ ನೀರಿನಡಿಯಲ್ಲಿ ಈ ವಿಡಿಯೋದ ಮೊದಲ ಫೋಟೋದ ಅಂಗಳವೂ ಇದೆ.

[ದೃಶ್ಯ: ಮತ್ತೆ ಮನೆಯ ಫೋಟೋ. ಹಿಂದಿನ ಗುಡ್ಡದ ಮೇಲೆ ಝೂಮ್.]

ಮನೆಯ ಹಿಂದೆ ಒಂದು ಗುಡ್ಡ ಕಾಣುತ್ತಿದೆಯಲ್ಲ? ಅಜ್ಜಿ ಅದರ ಮೇಲೆ ಬೆರಳಿಟ್ಟು, "ಇದೊಂದು ಇದೆ ಈಗ್ಲೂ. ನಡುಗಡ್ಡೆ ಆಗಿದೆ" ಅಂದರು. ದನ ಕಾಯಲು ಹತ್ತುತ್ತಿದ್ದ ಗುಡ್ಡದ ನೆತ್ತಿ ಮಾತ್ರ ಈಗ ನೀರಿನ ಮೇಲೆ.

ಮುಳುಗಡೆ ಅಂದರೆ ನಮ್ಮ ಕಡೆ ಹೆಚ್ಚು ವಿವರಣೆ ಬೇಡ. ಹೆಂಚು ಬಿಚ್ಚಿದರು, ತೊಲೆ ಬಾಗಿಲು ಕಳಚಿದರು, ಲಾರಿಗೆ ಹಾಕಿದರು. ದೇವರನ್ನು ಎತ್ತಿಕೊಂಡರು. ತೋಟ ಎತ್ತಿಕೊಂಡು ಬರಲಿಕ್ಕೆ ಆಗುವುದಿಲ್ಲವಲ್ಲ. ಎಷ್ಟೋ ಕುಟುಂಬಗಳನ್ನು ಕಾಡಿನ ನಡುವೆ ಇಳಿಸಿದರು, ಅವರಿಗೆ ಇವತ್ತಿಗೂ ಹಕ್ಕುಪತ್ರದ ತಲೆಬಿಸಿ ತಪ್ಪಿಲ್ಲ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಊರಿನವರು ಎಷ್ಟು ವರ್ಷ ಚಿಮಣಿ ಬುಡ್ಡಿ ಹಚ್ಚಿಕೊಂಡು ಕೂತಿದ್ದರು ಅನ್ನುವುದು ಹಿನ್ನೀರಿನಾಚೆಯ ತುಮರಿ ಕಡೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಹೊಳೆ ದಾಟಲು ಲಾಂಚ್ ಬಂತು. 2025ರ ಜುಲೈ 14ಕ್ಕೆ ಸೇತುವೆ ಬಂತು, 2.44 ಕಿಲೋಮೀಟರ್ ಉದ್ದದ್ದು. ಈಗ ಬಸ್ಸಿನ ಜೊತೆ ಲಾಂಚ್ ಮೇಲೆ ನಿಂತ ಫೋಟೋ ನಿಮ್ಮ ಮೊಬೈಲಲ್ಲಿದ್ದರೆ, ಅದು ಆಗಲೇ ಹಳೇ ಫೋಟೋ ಆಯಿತು!

[ದೃಶ್ಯ: ಅಡಿಕೆ ತೋಟ. ಹಾಳೆ ಟೋಪಿ ಹಾಕಿದ ಕೊನೆಗಾರ.]

ಅಜ್ಜಿ ಮನೆ ಡಬ್ಬಿಯಲ್ಲಿ ಇನ್ನೊಂದು ಫೋಟೋ ಇತ್ತು, ತೋಟದ್ದು. ಅದರ ಗಮ್ಮತ್ತು ಅಡಿಕೆ ಕೊನೆಗಳದ್ದು, ಅಂದರೆ ಗೊಂಚಲುಗಳದ್ದು. ಒಂದೊಂದು ಕೊನೆಗೂ ಟೋಪಿ ಹಾಕಿದ ಹಾಗೆ ಕೊಟ್ಟೆ ಕಟ್ಟಿದ್ದಾರೆ. ಮಳೆ ನೀರು ತಾಗಿ ಕೊಳೆ ಬರಬಾರದು ಅಂತ. ಮರ ಮರಕ್ಕೂ ಹತ್ತಿ ಕಟ್ಟಬೇಕು, ಎಂಥಾ ಕೆಲಸ ನೋಡಿ! ಇದಕ್ಕೆ ಬದಲಿ ದಾರಿ ತೋರಿಸಿದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದವರು. ಮಲೆನಾಡಿನ ಮಳೆಯಲ್ಲಿ ತೋಟ ತಿರುಗಿ, 1910ರಲ್ಲಿ ಕೊಳೆರೋಗದ ಬಗ್ಗೆ ಬರೆದರು. ಮೈಲುತುತ್ತು, ಸುಣ್ಣ, ನೀರು, ಇಷ್ಟೇ ಔಷಧಿ. ಜೂನ್ ಬಂತೆಂದರೆ ನಾವು ಇವತ್ತಿಗೂ ಅದೇ ಬೋರ್ಡೋ ಕಲಸುತ್ತಿದ್ದೇವೆ. ನಮ್ಮ ತೋಟದ ಫೋಟೋ ಅದಕ್ಕೂ ಎಷ್ಟೋ ವರ್ಷ ಆಮೇಲಿನದ್ದು. ಅಂದರೆ ಔಷಧಿ ಬಂದ ಮೇಲೂ ನಮ್ಮವರು ಕೊಟ್ಟೆ ಕಟ್ಟುವುದನ್ನು ಬಿಟ್ಟಿರಲಿಲ್ಲ. ನಂಬಿಕೆ ಬರಬೇಕಲ್ಲ.

[ದೃಶ್ಯ: ಕಿಟಕಿ ಪಕ್ಕ ಮೇಜಿನ ಮೇಲೆ ಫ್ರೇಮು, ಮೊಬೈಲು.]

ನಿಮ್ಮ ಮನೆ ಅಟ್ಟದಲ್ಲೂ ಇಂಥ ಫೋಟೋ ಇರುತ್ತದೆ. ಒಂದೆರಡು ಮಾತು. ಗಾಜಿಗೆ ಅಂಟಿದ ಫೋಟೋವನ್ನು ದಯವಿಟ್ಟು ಕೀಳಬೇಡಿ, ಮುಖವೇ ಗಾಜಿಗೆ ಹೋಗುತ್ತದೆ. ನಾನು ಹಾಗೆ ಒಂದು ಹಾಳು ಮಾಡಿದ್ದೇನೆ. ಗಾಜಿನ ಸಮೇತ ಕಿಟಕಿ ಪಕ್ಕ ಇಟ್ಟು, ಹೊಳಪು ಬೀಳದ ಹಾಗೆ ಮೊಬೈಲಲ್ಲಿ ತೆಗೆಯಿರಿ. ಹೆಸರುಗಳನ್ನು ಹಿಂದುಗಡೆ ಪೆನ್ಸಿಲ್ಲಿನಲ್ಲಿ ಮೆತ್ತಗೆ ಬರೆಯಿರಿ. ಹೆಸರು ಗೊತ್ತಿರುವವರು ಮನೆಯಲ್ಲಿ ಇರುವಾಗಲೇ ಬರೆಯಿರಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ತೇವಕ್ಕೆ ಕಾಗದ ಸುರುಳಿ ಸುತ್ತುತ್ತದೆ.

ಮತ್ತೆ ಆ ಬಿಳೀ ಮಚ್ಚೆ.

[ದೃಶ್ಯ: ಫೋಟೋದ ಎಡ ಮೂಲೆ. ಮಚ್ಚೆಯ ಮೇಲೆ ಝೂಮ್.]

ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. "ಇಲ್ಲಿ ಬೂಷ್ಟು ಹಿಡಿದಿದೆ ಅಜ್ಜಿ, ಅಳಿಸ್ಲಾ?"

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಎಂಥಾ ಬೂಷ್ಟು? ನಾಯಿ ಅದು. ಬೊಗ್ಗ. ಫೋಟೋದವರು ಎಷ್ಟು ಗದರಿಸಿದ್ರೂ ಬಾಲ ನಿಲ್ಲಿಸ್ಲೇ ಇಲ್ಲ."

"ಮತ್ತೆ ಇವರು ಯಾರು, ಕಂಬಳಿ ಹೊದ್ದವರು?"

ಅಜ್ಜಿ ಸುಮಾರು ಹೊತ್ತು ನೋಡುತ್ತಾ ಕೂತರು. ಪರದೆ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು.

"ನಮ್ಮನೆ ಗದ್ದೆ ಮಾಡ್ತಿದ್ದ."