ಚೀಲದಲ್ಲಿ ಇನ್ನೊಂದು ಸೀರೆ

ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಟ್ಟು ಕೇಳುತ್ತಿರುವ ಪುಣೆಯ ಅಕ್ಕತಂಗಿಯರೇ, ಇದು ನಿಮಗೇ. ಕುಕ್ಕರ್ ಕೂಗಲಿ, ಪರವಾಗಿಲ್ಲ. ಧೈರ್ಯದ ಬಗ್ಗೆ ಐದು ನಿಮಿಷ ಮಾತಾಡಿ ಅಂದಿದ್ದಾರೆ. 28 ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಐದು ನಿಮಿಷ ಎಲ್ಲಿ ಸಾಲುತ್ತೆ? ಅದಕ್ಕೆ ಒಂದೇ ಮಾತು ಹೇಳುತ್ತೇನೆ. ಧೈರ್ಯ ಅಂದರೆ ಚೀಲದಲ್ಲಿ ಇನ್ನೊಂದು ಸೀರೆ.

ದಗಡೂಶೇಠ್ ಗಣಪತಿಗೆ ಹೋಗುತ್ತೀರಲ್ವಾ? ಅದರ ಎದುರಿಗೇ ಭಿಡೆ ವಾಡಾ ಇತ್ತು. ಸ್ಮಾರಕ ಕಟ್ಟಬೇಕು ಅಂತ 2023ರಲ್ಲಿ ಹಳೇ ಕಟ್ಟಡ ಕೆಡವಿದರು. 1848ರಲ್ಲಿ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲೇ. ಟೀಚರಮ್ಮನ ವಯಸ್ಸು ಎಷ್ಟು ಗೊತ್ತಾ? 17. ಮದುವೆಯಾಗಿ ಬಂದಾಗ ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಆಮೇಲೆ ಗಂಡನೇ ಕಲಿಸಿದ್ದು. ಬೆಳಿಗ್ಗೆ ಮನೆ ಬಿಟ್ಟು ಹೊರಟರೆ ಓಣಿಯ ಜನ ಸಗಣಿ ಎಸೆಯುತ್ತಿದ್ದರು, ಕೆಸರು ಎಸೆಯುತ್ತಿದ್ದರು, ಬಾಯಿಗೆ ಬಂದದ್ದು ಬೈಯುತ್ತಿದ್ದರು. ಆಕೆ ಶಾಲೆಗೆ ಹೋಗಿ, ಚೀಲದಲ್ಲಿದ್ದ ಸೀರೆ ಉಟ್ಟು, ಪಾಠ ಮಾಡುತ್ತಿದ್ದಳು. ಮನೆಗೆ ಹೊರಡುವಾಗ ಮತ್ತೆ ಆ ಕೊಳೆ ಸೀರೆಯನ್ನೇ ಸುತ್ತಿಕೊಳ್ಳುತ್ತಿದ್ದಳು. ಯಾಕೆ? ವಾಪಸ್ ಹೋಗುವಾಗಲೂ ಎಸೆಯುತ್ತಾರಲ್ಲ!

ಈ ಕತೆ ಹೇಳಿದಾಗಲೆಲ್ಲ ಕ್ಲಾಸಿನ ಹುಡುಗರು "ತಿರುಗಿ ಹೊಡೀಬೇಕಿತ್ತು ಮಿಸ್" ಅನ್ನುತ್ತಿದ್ದರು. ಅಯ್ಯೋ, ಹೊಡೆದಾಡುತ್ತ ನಿಂತರೆ ಒಳಗೆ ಕೂತ ಹುಡುಗಿಯರಿಗೆ ಅಕ್ಷರ ಹೇಳಿಕೊಡುವವರು ಯಾರು? ನಾಳೆಯೂ ಸಗಣಿ ಬೀಳುತ್ತೆ ಅಂತ ಗೊತ್ತಿದ್ದೇ ಸೀರೆ ಮಡಚಿ ಚೀಲಕ್ಕೆ ಹಾಕಿದಳಲ್ಲ, ನನಗೆ ಅದೇ ದೊಡ್ಡದು. 1849ರಲ್ಲಿ ಮಾವ ಗಂಡಹೆಂಡತಿ ಇಬ್ಬರನ್ನೂ ಮನೆಯಿಂದ ಹೊರಗೆ ಹಾಕಿದರು. ಪಾಠ ನಿಲ್ಲಲಿಲ್ಲ.

ಸಮಾಜ ಸುಧಾರಕ ಧೋಂಡೊ ಕೇಶವ ಕರ್ವೆಯವರ ವಿಷಯ ನಿಧಾನವಾಗಿ ಹೇಳಬೇಕಿತ್ತು, ಟೈಮ್ ಇಲ್ಲ. 1893ರಲ್ಲಿ ವಿಧವೆಯನ್ನು ಮದುವೆಯಾದರು, ಸ್ವಂತ ಊರು ಮುರೂಡ್ ಬಹಿಷ್ಕಾರ ಹಾಕಿತು. 1916ರಲ್ಲಿ ಹೆಂಗಸರಿಗಾಗಿಯೇ ವಿಶ್ವವಿದ್ಯಾಲಯ ಶುರು ಮಾಡಿದರು. ಭಾರತರತ್ನ ಬಂದಾಗ ಅವರಿಗೆ ನೂರು ವರ್ಷ. ಅವರ ಚೀಲದಲ್ಲೂ ಇನ್ನೊಂದು ಸೀರೆ ಇತ್ತು ಅಂತಿಟ್ಟುಕೊಳ್ಳಿ.

ಅದೆಲ್ಲ ದೊಡ್ಡವರ ಕತೆ ಅಂತೀರಾ? ನಮ್ಮ ಸೊಸೈಟಿಯ ಹಳದಿ-ಕುಂಕುಮದ ಮಾತು ಕೇಳಿ. ಮೂರನೇ ಮಹಡಿಯ ಧಾರವಾಡದ ಕಾಕೂಗೆ ಗಂಡ ತೀರಿಹೋದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ಒಂದು ಸಂಕ್ರಾಂತಿಗೆ ನಾನು ಹೋಗಿ ಕೈ ಹಿಡಿದು ಕರೆತಂದೆ, ಮೊದಲ ಕುಂಕುಮ ಅವರಿಗೇ ಹಚ್ಚಿದೆ. ನನ್ನ ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ, ಕುಂಕುಮ ಅವರ ಮೂಗಿನ ಮೇಲೂ ಉದುರಿತು. ಇಬ್ಬರು ಎಳ್ಳುಂಡೆ ಮುಟ್ಟದೆ ಎದ್ದು ಹೋದರು. ಮರುವರ್ಷ ಮತ್ತೆ ಕಾಕೂನ ಕರೆದೆ. ಅದರ ಮರುವರ್ಷವೂ. ಎದ್ದು ಹೋದವರಲ್ಲಿ ಒಬ್ಬಳು ಆ ಸಲ ಬಂದು ಎಳ್ಳುಂಡೆ ತಿಂದಳು, ಎರಡು ಜಾಸ್ತಿನೇ ತಿಂದಳು. ಇನ್ನೊಬ್ಬಳು ಇವತ್ತಿಗೂ ಲಿಫ್ಟಿನಲ್ಲಿ ನಾನಿದ್ದರೆ ಮಹಡಿಯ ನಂಬರನ್ನೇ ನೋಡುತ್ತ ನಿಲ್ಲುತ್ತಾಳೆ. ನಿಲ್ಲಲಿ ಬಿಡಿ, ಸಂಕ್ರಾಂತಿ ಮತ್ತೆ ಬರುತ್ತೆ.

ಗಾಜಿನಾಚೆ ಕೈ ಬೀಸುತ್ತಿದ್ದಾರೆ, ಸಮಯ ಮುಗಿಯಿತಂತೆ. ಕುಕ್ಕರ್ ಇಳಿಸಿ. ನಮಸ್ಕಾರ.