ಸುಣ್ಣ ಆರೋದರೊಳಗೆ

ನಮಸ್ಕಾರ ಎಲ್ಲರಿಗೂ. ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು ಹತ್ಕೊಂಡು ಬಂದಿದೀವಿ, ನಾನು ಮತ್ತೆ ಅಮ್ಮ. ಇದು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್. ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಪಂಗಡದ ಪಾದ್ರಿಗಳು 1880ರ ದಶಕದಲ್ಲಿ ಕಟ್ಟಿಸಿದ್ದು, ಕಾಲೇಜಿನ ಆವರಣದಲ್ಲೇ ಇದೆ.

ಬಾಗಿಲು ದಾಟಿದ್ದೇ ತಡ, ಅಮ್ಮ ಅಲ್ಲೇ ನಿಂತುಬಿಟ್ರು. ಗೋಡೆ, ಕಮಾನು, ಚಾವಣಿ, ಎಲ್ಲಿ ನೋಡಿದ್ರೂ ಚಿತ್ರ. ಅಂಗೈ ಅಗಲದ ಜಾಗವನ್ನೂ ಖಾಲಿ ಬಿಟ್ಟಿಲ್ಲ ಅನ್ಸುತ್ತೆ. ಈ ಅಂಚಿನ ಕುಸುರಿ ನೋಡಿ, ಕೆತ್ತಿದ ಹಾಗೇ ಕಾಣುತ್ತಲ್ವಾ? ಬರೀ ಬಣ್ಣ ಅದು, ನೆರಳು ಬೆಳಕಿನ ಕೆಲಸ.

ಇಷ್ಟನ್ನೂ ಬರೆದವರು ಬ್ರದರ್ ಅಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊದಲ್ಲಿ ಚಿತ್ರಕಲೆ ಕಲಿತವರು. 1899ರಲ್ಲಿ ಇಲ್ಲಿ ಕುಂಚ ಹಿಡಿದಾಗ ವಯಸ್ಸು 45ರ ಆಸುಪಾಸು. ಚಾವಣಿಯವು ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು. ಗೋಡೆಯವು ಫ್ರೆಸ್ಕೋ, ಅಂದ್ರೆ ಹಸಿ ಸುಣ್ಣದ ಗಾರೆ ಮೇಲೇ ಬಣ್ಣ ಹಚ್ಚೋದು. ಇದನ್ನ ಅಮ್ಮನಿಗೆ ವಿವರಿಸೋಕೆ ಹೊರಟೆ. ಊರಿನ ಮನೆಗೆ ವರ್ಷಾವರ್ಷ ಸುಣ್ಣ ಬಳಿದ ಕೈ ಅವರದು. "ಹಸಿ ಇದ್ದಾಗ್ಲೇ ಮುಗಿಸ್ಬೇಕು ಕಣೋ, ಆರಿದ್ಮೇಲೆ ಬಣ್ಣ ಹಿಡಿಯಲ್ಲ" ಅಂದ್ರು. ನಿಜಕ್ಕೂ ಅಷ್ಟೇ. ಆ ದಿನ ಬರೆಯೋಕಾಗುವಷ್ಟೇ ಗಾರೆ ಮೆತ್ತಬೇಕು, ಆರೋದರೊಳಗೆ ಬರೆದು ಮುಗಿಸಬೇಕು. ಸುಣ್ಣ ಗಟ್ಟಿಯಾಗ್ತಾ ಬಣ್ಣವನ್ನ ತನ್ನೊಳಗೇ ಹಿಡ್ಕೊಳ್ಳುತ್ತೆ. ತಪ್ಪಾದ್ರೆ ಒರೆಸೋ ಮಾತಿಲ್ಲ, ಗಾರೆಯನ್ನೇ ಕೆತ್ತಿ ತೆಗೀಬೇಕು. ಅದನ್ನ ಯೋಚಿಸ್ಕೊಂಡು ಈ ಮುಖಗಳನ್ನ ಮತ್ತೆ ನೋಡಿ. ನನಗಂತೂ ಮೈ ಜುಮ್ಮೆಂದಿತು.

ಈಗ ತಲೆಯೆತ್ತಿ. ಚಾವಣಿಯಲ್ಲಿರೋದು ಸಂತ ಅಲೋಶಿಯಸ್ ಗೊನ್ಜಾಗಾ ಅವರ ಬದುಕು. ಶ್ರೀಮಂತ ಮನೆತನದ ಹಿರಿ ಮಗ, ಬರಬೇಕಾಗಿದ್ದ ಪಟ್ಟ ಬಿಟ್ಟು ಸನ್ಯಾಸಕ್ಕೆ ಬಂದವರು. ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ನಿಂತು, 1591ರಲ್ಲಿ ತೀರಿಕೊಂಡರು. ಆಗ 23 ವರ್ಷ. "ನಿನಗಿಂತ ಚಿಕ್ಕೋನು" ಅಂದ ಅಮ್ಮ ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಕರಾವಳಿಯ ಮಳೆ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ. ಆ ತೇವದಲ್ಲಿ ಈ ಗೋಡೆಗಳು ನೂರಕ್ಕೂ ಹೆಚ್ಚು ಮಳೆಗಾಲ ಕಂಡಿವೆ. 1990ರ ದಶಕದಲ್ಲಿ, ಹಳೆಯ ಕಟ್ಟಡ, ಕಲೆಗಳನ್ನ ಕಾಪಾಡೋ ಸಂಸ್ಥೆಯಾದ ಇಂಟ್ಯಾಕ್‌ನ ತಜ್ಞರು ಚಿತ್ರಗಳನ್ನ ಜೋಪಾನವಾಗಿ ಉಳಿಸಿಕೊಟ್ರು. ಅವರಿಗೆ ಕೈ ಮುಗೀಬೇಕು.

ಮೊಸ್ಕೇನಿ ಮತ್ತೆ ಇಟಲಿಗೆ ಮರಳಲಿಲ್ಲ. ಕೊಚ್ಚಿಯ ಸಾಂತಾ ಕ್ರೂಜ್ ಕ್ಯಾಥೆಡ್ರಲ್‌ಗೂ ಚಿತ್ರ ಬರೆದು, 1905ರಲ್ಲಿ ಅಲ್ಲೇ ಕಣ್ಮುಚ್ಚಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅಮ್ಮ ಕೇಳಿದ್ದು ಒಂದೇ: "ಕೊಚ್ಚಿಗೆ ಇಲ್ಲಿಂದ ರೈಲು ಎಷ್ಟು ಹೊತ್ತಿಗಿದೆ ನೋಡು."