‘ನಿಮ್ಮ ಕಡೆಯಿಂದಲೇ ಬಂದಿದ್ದು’

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಸ್ಕೂಲಿಗೆ ಕಳಿಸಿ ಈಗಷ್ಟೇ ರೇಡಿಯೋ ಹಾಕಿದ್ದೀರಲ್ಲ, ಆ ಅಮ್ಮಂದಿರಿಗೆ, ಅಜ್ಜಿಯರಿಗೆ ಹೇಳುವ ಮಾತಿದು. ಅಪ್ಪಂದಿರೂ ಕೇಳಿಸಿಕೊಂಡರೆ ಒಳ್ಳೇದೇ.

ಮಗು ಓದುವುದರಲ್ಲಿ ಹಿಂದೆ ಬಿದ್ದರೆ ಮನೆಯಲ್ಲಿ ಮೊದಲು ಏನು ನಡೆಯುತ್ತದೆ? ವಿಚಾರಣೆ. “ನಮ್ಮ ವಂಶದಲ್ಲಿ ಯಾರೂ ಹೀಗಿರಲಿಲ್ಲ, ನಿಮ್ಮ ಕಡೆಯಿಂದಲೇ ಬಂದಿದ್ದು” ಅಂತ ಒಬ್ಬರು. “ನಿಮ್ಮ ತಮ್ಮ ಎಸ್ಸೆಸ್ಸೆಲ್ಸಿ ಎಷ್ಟು ಸಲ ಕಟ್ಟಿದ್ದ, ಮರೆತುಹೋಯ್ತಾ” ಅಂತ ಇನ್ನೊಬ್ಬರು. ಸಾಕಷ್ಟು ಜಗಳ ಆಡಿದ ಮೇಲೆ ಇಬ್ಬರೂ ಒಂದು ಮಾತಿಗೆ ಮಾತ್ರ ಒಪ್ಪುತ್ತಾರೆ: ರಕ್ತದಲ್ಲೇ ಇದ್ದರೆ ಏನು ಮಾಡೋಕಾಗುತ್ತೆ, ಅವನ ಹಣೆಬರಹ. ನನಗೆ ಸಿಟ್ಟು ಬರುವುದು ಈ ಕೊನೆಯ ಮಾತಿಗೆ. ವಂಶದಿಂದ ಬಂದಿರಬಹುದು, ನಿಜ. ಆದರೆ ವಂಶದಿಂದ ಬಂದದ್ದಕ್ಕೆ ಏನೂ ಮಾಡೋಕಾಗಲ್ಲ ಅನ್ನುವುದು ಶುದ್ಧ ಸುಳ್ಳು. ಇವತ್ತು ನಾನು ಹೇಳುವುದು ಇದೊಂದೇ. ಅರ್ಥವಾಯಿತು ಅನ್ನುವವರು ಎದ್ದು ಕೆಲಸ ನೋಡಿಕೊಳ್ಳಿ, ಬೇಜಾರಿಲ್ಲ. ಉಳಿದವರಿಗೆ ನನಗಿಷ್ಟವಾದ ಒಂದು ಮನೆತನದ ಕಥೆ ಹೇಳುತ್ತೇನೆ.

ಲಂಡನ್ನಿನ ಪಶ್ಚಿಮಕ್ಕೆ ಬ್ರೆಂಟ್‌ಫರ್ಡ್ ಅಂತ ಒಂದು ಊರು. 1980ರ ದಶಕದ ಕೊನೆ. ಅಲ್ಲಿನ ಒಂದು ಶಾಲೆಯಲ್ಲಿ ಮಾತಿನ ತೊಂದರೆ ಇರುವ ಮಕ್ಕಳಿಗೆ ಪ್ರತ್ಯೇಕ ತರಗತಿ ಇತ್ತು. ಬರುತ್ತಿದ್ದ ಮಕ್ಕಳಲ್ಲಿ ಹಲವರು ಒಂದೇ ಕುಟುಂಬದವರು ಅನ್ನುವುದು ಟೀಚರ ಕಣ್ಣಿಗೆ ಬಿತ್ತು. ವಿಷಯ ಡಾಕ್ಟರುಗಳಿಗೆ ಮುಟ್ಟಿತು, ಅವರು ವಂಶವೃಕ್ಷ ಬರೆದು ನೋಡಿದರು. ಅಜ್ಜಿಗೆ ಮಾತಿನ ತೊಂದರೆ, ತಾತ ಸರಿಯಾಗಿದ್ದರು. ಅವರ ಐದು ಮಕ್ಕಳಲ್ಲಿ ನಾಲ್ವರಿಗೆ ತೊಂದರೆ. 24 ಮೊಮ್ಮಕ್ಕಳಲ್ಲಿ 10 ಜನರಿಗೆ ತೊಂದರೆ. ಮೂರು ತಲೆಮಾರು, ಹೆಚ್ಚುಕಮ್ಮಿ ಅರ್ಧಕ್ಕರ್ಧ! ಕುಟುಂಬದ ಹೆಸರನ್ನು ಹೊರಗೆ ಬಿಡಲಿಲ್ಲ, ‘ಕೆಇ ಕುಟುಂಬ’ ಅಂತಷ್ಟೇ ಕರೆದರು.

1990ರಲ್ಲಿ ಈ ಮನೆಯ ಸುದ್ದಿ ವಿಜ್ಞಾನ ಪತ್ರಿಕೆಗಳಿಗೆ ಬಂತು. “ದಿನಾ ನಡೆಯುತ್ತೇನೆ, ನಿನ್ನೆಯೂ ಹಾಗೇ...” ಎಂಬಂಥ ಅರ್ಧ ವಾಕ್ಯ ಕೊಟ್ಟರೆ ಅದನ್ನು ‘ನಡೆದೆ’ ಅಂತ ಮುಗಿಸೋಕೆ ಇವರಿಗೆ ಕಷ್ಟವಾಗುತ್ತಿತ್ತು. ಅಷ್ಟು ಸಿಕ್ಕಿದ್ದೇ ತಡ, ‘ವ್ಯಾಕರಣದ ಜೀನ್ ಸಿಕ್ಕಿತು’ ಅಂತ ಸುದ್ದಿ ಹಬ್ಬಿಬಿಟ್ಟಿತು. ಜೀನ್ ಅಂದರೆ ಮೈ ಹೇಗೆ ಬೆಳೆಯಬೇಕು ಅಂತ ಅಪ್ಪ-ಅಮ್ಮನಿಂದ ಮಗುವಿಗೆ ಬರುವ ಬರಹ. ಅದೇ ಲಂಡನ್ನಿನಲ್ಲಿ ಫರಾನೆ ವರ್ಗಾ-ಖದೇಮ್ ಅಂತ ಒಬ್ಬ ವಿಜ್ಞಾನಿ, ಅವರ ತಂಡ ತಾಳ್ಮೆಯಿಂದ ಕೂತು ನೋಡಿತು. ಬಾಯಿ ತೆರೆಯಿರಿ, ನಾಲಿಗೆ ಚಾಚಿ, ತುಟಿ ಮುಚ್ಚಿ, ಇದನ್ನೇ ಒಂದಾದ ಮೇಲೊಂದು ಮಾಡಿ ಅಂದರು. ಆಗುತ್ತಿರಲಿಲ್ಲ! ಊಟ ಮಾಡುವ, ನೀರು ಕುಡಿಯುವ ಬಾಯಿಯೇ, ಹೇಳಿದ ಕ್ರಮದಲ್ಲಿ ಆಡು ಅಂದರೆ ತಡವರಿಸುತ್ತಿತ್ತು. ಅಂದರೆ ಬರೀ ವ್ಯಾಕರಣದ ಸಮಸ್ಯೆ ಅಲ್ಲ, ಮಾತಿಗೆ ಬಾಯಿಯನ್ನು ಆಡಿಸುವ ಮಿದುಳಿನ ಲೆಕ್ಕಾಚಾರವೇ ತಪ್ಪಿತ್ತು.

ಜೀನ್ ಹುಡುಕಾಟ ನಡೆದದ್ದು ಆಕ್ಸ್‌ಫರ್ಡ್‌ನಲ್ಲಿ. ಜೀನ್‌ಗಳನ್ನು ಹೊತ್ತ ದಾರಕ್ಕೆ ಕ್ರೋಮೋಸೋಮ್ ಅಂತಾರೆ. 1998ರ ಹೊತ್ತಿಗೆ ಅದು 7ನೇ ಕ್ರೋಮೋಸೋಮಿನ ಒಂದು ತುಂಡಿನಲ್ಲಿದೆ ಅನ್ನುವವರೆಗೆ ಬಂದರು. ಆದರೆ ಆ ತುಂಡಿನಲ್ಲಿ ಎಷ್ಟೋ ಜೀನ್‌ಗಳು, ಯಾವುದು ಅಂತ ಹೇಳುವುದು? ಆಗ ಸಂಬಂಧವೇ ಇಲ್ಲದ ಇನ್ನೊಂದು ಮನೆಯ ಹುಡುಗ ಸಿಕ್ಕಿದ. ಅವನಿಗೂ ಇದೇ ತೊಂದರೆ, ಅವನ 7ನೇ ಕ್ರೋಮೋಸೋಮ್ ಅದೇ ಜಾಗದಲ್ಲಿ ತುಂಡಾಗಿತ್ತು. 2001ರಲ್ಲಿ ಜೀನ್ ಕೈಗೆ ಸಿಕ್ಕಿತು, ಹೆಸರು ಫಾಕ್ಸ್‌ಪಿ2. ಕೆಇ ಮನೆಯವರಲ್ಲಿ ಆ ಜೀನಿನ ಒಂದೇ ಒಂದು ಅಕ್ಷರ ಬದಲಾಗಿತ್ತು. ಒಂದಕ್ಷರ! ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಈ ಜೀನ್ ಒಂಥರಾ ಕಟ್ಟಡದ ಮೇಸ್ತ್ರಿ. ತಾನು ಇಟ್ಟಿಗೆ ಇಡುವುದಿಲ್ಲ, ಬೇರೆ ಜೀನ್‌ಗಳಿಗೆ ನೀನು ಈಗ ಕೆಲಸ ಮಾಡು, ನೀನು ಸುಮ್ಮನಿರು ಅಂತ ಹೇಳುತ್ತದೆ. ಇಲಿಯಲ್ಲೂ ಇದೆ, ಹಾಡುವ ಹಕ್ಕಿಯಲ್ಲೂ ಇದೆ. ಹಾಗಾಗಿ ಮಾತಿನ ಜೀನ್ ಅಂತ ಯಾರಾದರೂ ಅಂದರೆ ನಕ್ಕು ಸುಮ್ಮನಾಗಿ. ಇನ್ನೊಂದು ವಿಷಯ, ಇಷ್ಟು ಗಟ್ಟಿಯಾಗಿ ವಂಶದಿಂದ ಬಂದ ತೊಂದರೆ ಇದ್ದರೂ ಆ ಮಕ್ಕಳನ್ನು ಶಾಲೆ ಕೈಬಿಡಲಿಲ್ಲ, ಮಾತು ಕಲಿಸಿತು. ಜೀನ್ ಯಾವುದು ಅಂತ ಗೊತ್ತಾಗುವುದಕ್ಕೆ ಎಷ್ಟೋ ವರ್ಷ ಮೊದಲೇ!

ಕಥೆ ಹೇಳುತ್ತಾ ಸಮಯ ಓಡಿಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ.

ನಿಮ್ಮ ಮಗುವಿನ ವಿಷಯದಲ್ಲಿ ಹೀಗೆ ಒಂದೇ ಜೀನ್ ಇರುವ ಸಂಭವ ತೀರಾ ಕಮ್ಮಿ. ಡಿಸ್‌ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದೂ ಓದು ಮಾತ್ರ ಹತ್ತದಿರುವುದು, ಮನೆತನದಲ್ಲಿ ಹರಿದು ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ 40ರ ಆಸುಪಾಸು. ಆದರೆ 2022ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದಾಗ ಡಿಸ್‌ಲೆಕ್ಸಿಯಾಕ್ಕೆ ನಂಟಿರುವ 42 ಜಾಗ ಸಿಕ್ಕವು, ಒಂದೊಂದರದ್ದೂ ಚಿಟಿಕೆಯಷ್ಟು ಪ್ರಭಾವ. ಶಾಲೆ-ಕಾಲೇಜಿನ ಓದಿನದ್ದೂ ಇದೇ ಕಥೆ. 2018ರಲ್ಲಿ ಯಾರು ಎಷ್ಟು ವರ್ಷ ಓದಿದರು ಅಂತ 11 ಲಕ್ಷ ಜನರಲ್ಲಿ ಹುಡುಕಿದರು. ಸಾವಿರದ ಇನ್ನೂರಕ್ಕೂ ಜಾಸ್ತಿ ಜಾಗ ಸಿಕ್ಕವು, ಉಳಿದ ಸಣ್ಣಪುಟ್ಟ ಜಾಗಗಳನ್ನೂ ಸೇರಿಸಿ ಲೆಕ್ಕ ಹಾಕಿದರೂ ವಿವರಿಸಿದ್ದು ಜನರ ನಡುವಿನ ವ್ಯತ್ಯಾಸದ ಹತ್ತನೇ ಒಂದು ಪಾಲನ್ನು, ಸ್ವಲ್ಪ ಜಾಸ್ತಿ ಇರಬಹುದು. ಅದೂ ಯುರೋಪ್ ಮೂಲದ ಜನರಲ್ಲಿ. ಹೀಗಿರುವಾಗ ‘ಜೊಲ್ಲು ಕೊಡಿ, ಅದರ ಡಿಎನ್‌ಎ ನೋಡಿ ಮಗು ಡಾಕ್ಟರಾಗುತ್ತದಾ ಎಂಜಿನಿಯರಾಗುತ್ತದಾ ಹೇಳುತ್ತೇವೆ’ ಅನ್ನುವವರಿಗೆ ದುಡ್ಡು ಕೊಡಬೇಡಿ. ಆ ದುಡ್ಡಲ್ಲಿ ಕಥೆ ಪುಸ್ತಕ ತನ್ನಿ, ಜೊತೆಗೆ ಕೂತು ಓದಿ.

ವಂಶದಿಂದ ಬಂದದ್ದಕ್ಕೆ ಏನೂ ಮಾಡೋಕಾಗಲ್ಲ ಅನ್ನುವವರು ಇನ್ನೂ ಕೇಳುತ್ತಿದ್ದರೆ ಪಿಕೆಯು ಅನ್ನುವ ಕಾಯಿಲೆ ನೋಡಿ. ಇದು ಪೂರ್ತಿ ವಂಶದ್ದೇ, ತಾಯಿಯಿಂದ ಒಂದು ಕೆಟ್ಟ ಜೀನ್, ತಂದೆಯಿಂದ ಒಂದು, ಎರಡೂ ಕಡೆಯವರ ಪಾಲಿದೆ. ಪ್ರೋಟೀನಿನ ಒಂದು ಅಂಶವನ್ನು ದೇಹ ಕರಗಿಸಲಾರದೆ ಅದು ರಕ್ತದಲ್ಲಿ ಸೇರಿ ಸೇರಿ ಮಿದುಳನ್ನೇ ಹಾಳು ಮಾಡುತ್ತದೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಹುಟ್ಟಿದ ಮಗುವಿನ ಹಿಮ್ಮಡಿಯ ಕೆಲವೇ ಹನಿ ರಕ್ತದಲ್ಲೇ ಇದನ್ನು ಪತ್ತೆ ಮಾಡುವ ದಾರಿ ತೋರಿಸಿದರು. ಆ ಅಂಶ ಕಮ್ಮಿ ಇರುವ ಊಟವನ್ನು ಮೊದಲ ವಾರಗಳಿಂದಲೇ ಕೊಟ್ಟರೆ ಮಗು ಎಲ್ಲರಂತೆ ಬೆಳೆಯುತ್ತದೆ. ಜೀನ್ ಅದೇ, ಬದಲಾಗಿದ್ದು ತಟ್ಟೆ.

ಓದಿಗೂ ಅಷ್ಟೇ, ಬೇಗ ಹಿಡಿದರೆ ಕೆಲಸ ಸುಲಭ. ಹಾಗಂತ ಒಂದನೇ ಕ್ಲಾಸಿನಲ್ಲಿ ಒತ್ತಕ್ಷರ ಬರಲಿಲ್ಲ ಅಂತ ಗಾಬರಿ ಬೇಡ. ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಕಂಡಂತೆ, ನಮ್ಮ ಅಕ್ಷರಗಳು ಪೂರ್ತಿ ಕೈಗೆ ಬರುವುದಕ್ಕೆ ನಾಲ್ಕನೇ ತರಗತಿವರೆಗೂ ಹಿಡಿಯುತ್ತದೆ. ಆದರೆ ಮೂರನೇ ಕ್ಲಾಸಿಗೆ ಬಂದ ಮೇಲೂ ‘ಕಿ’ ‘ಕೀ’ಗೆ ವ್ಯತ್ಯಾಸ ಗೊತ್ತಾಗುತ್ತಿಲ್ಲ, ಒಂದು ಸಾಲು ಓದುವಷ್ಟರಲ್ಲಿ ಬೆವರುತ್ತದೆ, ಬಾಯಲ್ಲಿ ಕೇಳಿದರೆ ಮಾತ್ರ ಪಟಪಟ ಉತ್ತರ ಹೇಳುತ್ತದೆ ಅಂದರೆ ಸೋಮಾರಿ ಅಂತ ಬಯ್ಯಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ದೂರ ಆದರೆ ಜಿಲ್ಲಾಸ್ಪತ್ರೆಯ ಮಕ್ಕಳ ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಅಂತ ಅವರು ಕೇಳಿದಾಗ ಮುಚ್ಚಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ನ್ಯೂನತೆಯೂ ಸೇರಿದೆ, ನ್ಯೂನತೆಯ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಆ ಸರ್ಟಿಫಿಕೇಟಿಗೆ ಹತ್ತನೇ ಕ್ಲಾಸಿನ ಫೆಬ್ರವರಿಯಲ್ಲಿ ಓಡಾಡುವವರೇ ಜಾಸ್ತಿ, ಅಷ್ಟು ಹೊತ್ತಿಗೆ ಕಲಿಸುವ ವರ್ಷಗಳು ಮುಗಿದಿರುತ್ತವೆ. ಮೂರನೇ ಕ್ಲಾಸಿನಲ್ಲೇ ಹೋಗಿ. ನಮಸ್ಕಾರ.